ಹನಗೋಡು ನಾಲೆಯ ದಂಡೆಯಲ್ಲಿ ‘ಬಗ್’ ಬೇಟೆ

ಮೈಸೂರಿನ ಪಶ್ಚಿಮಕ್ಕಿರುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ರೈಲಿನ ಭಾಗ್ಯವಿರುವುದು ಕೆ.ಆರ್. ನಗರಕ್ಕೆ ಮಾತ್ರ. ಆದರೆ ನೀರಿನ ಭಾಗ್ಯ ನಾಲ್ಕಕ್ಕೂ ಉಂಟು. ಚುಂಚನಕಟ್ಟೆಯಲ್ಲಿ ಕಾವೇರಿ, ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣಕ್ಕೆ ಹಾರಂಗಿ ನಾಲೆ, ಕೋಟೆಗೆ ಕಬಿನಿ. ನಾಲೆಯಿದ್ದಲ್ಲಿ ನೀರುಗಂಟಿ ಇರಲೇಬೇಕು.

ಕಳೆದ ದಸರಾ ರಜೆಯಲ್ಲಿ ಹನಗೋಡು ಕಡೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಬ್ಯಾರನ್‌ಗಳಲ್ಲಿ ಹದವಾಗುತ್ತಿದ್ದ ತಂಬಾಕಿನ ವಾಸನೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ, ತಂದೆ ನೀರುಗಂಟಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರಲ್ಲಿ ಅವನೂ ಒಬ್ಬ. ಉಳಿದವರು ಬೆಂಗಳೂರಿಗೆ ಮರಳಿದರು. ಇವನು ಮಾತ್ರ ತಿಂಗಳಲ್ಲಿ ಅರ್ಧ ಇಲ್ಲೇ ಇರುತ್ತಾನೆ.

‘ಇವ್ನು ಒಂದು ಗೆರೆನೂ ಬರೆಯಲ್ಲ ಮೇಷ್ಟ್ರೇ, ಬೆಳಗಿಂದ ಸಂಜೆಗಂಟ ಬರೀ ತಪ್ಪು ಹುಡುಕ್ತಾನೆ’ ಎಂದರು ತಂದೆ. ಹೆಣ್ಣು ಕೊಡುವವರು ‘ಹುಡುಗ ಏನು ಮಾಡಿದ್ದಾನೆ’ ಎಂದು ಕೇಳಿದರೆ ತೋರಿಸಲು ಏನೂ ಇಲ್ಲವಂತೆ. ಅವನ ಕೆಲಸ ಡಿಬಗ್ಗರ್ ತಯಾರಿಕೆ. ಬೇರೆಯವರು ಬರೆದ ಪ್ರೋಗ್ರಾಮ್‌ಗಳಲ್ಲಿ ದೋಷ ಎಲ್ಲಿದೆಯೆಂದು ಪತ್ತೆಹಚ್ಚಲು ನೆರವಾಗುವ ಸಲಕರಣೆ ಅದು.

ದೋಷಕ್ಕೆ ‘ಬಗ್’ ಎಂಬ ಹೆಸರು 1947ರಲ್ಲಿ ಹಾರ್ವರ್ಡ್‌ನ ಮಾರ್ಕ್-2 ಗಣಕದ ರಿಲೇಯಲ್ಲಿ ಸಿಕ್ಕ ಪತಂಗದಿಂದ ಬಂತೆಂದು ಮಕ್ಕಳಿಗೆ ಹೇಳುವುದುಂಟು. ಪತಂಗ ಸಿಕ್ಕಿದ್ದು ನಿಜ, ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿದ್ದೂ ನಿಜ. ಆದರೆ ಎಡಿಸನ್ 1878ರಲ್ಲೇ ಯಂತ್ರದೋಷಕ್ಕೆ ಆ ಪದ ಬಳಸಿದ್ದ.

ಹುಡುಗ ನನ್ನನ್ನು ನಾಲೆಯ ಏರಿಗೆ ಕರೆದೊಯ್ದು ತೂಬು ತೋರಿಸಿದ. ‘ಸಾರ್, ಇದನ್ನು ಮುಚ್ಚಿದರೆ ನೀರು ನಿಲ್ಲುತ್ತದೆ, ಎಷ್ಟಿದೆ ಎಂದು ನೋಡಬಹುದು. ನಾವೂ ಹಾಗೇ ಪ್ರೋಗ್ರಾಮನ್ನು ನಿಲ್ಲಿಸುತ್ತೇವೆ.’ ನಿಲ್ಲಿಸುವ ಬಗೆ ಸ್ವಾರಸ್ಯವಾಗಿದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ನಲ್ಲಿ, ಬೇಕಾದ ಸೂಚನೆಯ ಮೊದಲ ಬೈಟನ್ನು ತೆಗೆದಿಟ್ಟುಕೊಂಡು ಡಿಬಗ್ಗರ್ ಆ ಜಾಗದಲ್ಲಿ 204 ಎಂಬ ಸಂಖ್ಯೆ ಬರೆಯುತ್ತದೆ. ಪ್ರೊಸೆಸರ್‌ಗೆ ಅದು ‘ನಿಲ್ಲು’ ಎಂಬ ಆಜ್ಞೆ. ಅದು ನಿಂತಾಗ ಒಳಗಿನ ಮೌಲ್ಯಗಳನ್ನೆಲ್ಲ ಪರೀಕ್ಷಿಸಿ, ಹಳೆಯ ಬೈಟನ್ನು ಮತ್ತೆ ಅಲ್ಲಿಟ್ಟು ಮುಂದಕ್ಕೆ ಬಿಡಬಹುದು. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಇಂದಿಗೂ ಬಳಕೆಯಲ್ಲಿದೆ.

ಕೊನೆಯ ಗದ್ದೆಗೆ ನೀರು ಬರದಿದ್ದರೆ ತಂದೆ ನಾಲೆಯುದ್ದಕ್ಕೂ ನಡೆಯುವುದಿಲ್ಲ. ನೇರ ನಡುವಿನ ತೂಬಿಗೆ ಹೋಗುತ್ತಾರೆ. ಅಲ್ಲಿ ನೀರಿದ್ದರೆ ಸೋರಿಕೆ ಕೆಳಗೆ, ಇಲ್ಲದಿದ್ದರೆ ಮೇಲೆ. ಉಳಿದರ್ಧದಲ್ಲಿ ಮತ್ತೆ ನಡು. ಮಗ ಬಳಸುವ ಗಿಟ್ ತಂತ್ರಾಂಶವೂ ಇದನ್ನೇ ಮಾಡುತ್ತದೆ: ಸಾವಿರ ತಿದ್ದುಪಡಿಗಳಲ್ಲಿ ಕೆಡಿಸಿದ್ದು ಯಾವುದೆಂದು ಹತ್ತೇ ಪರೀಕ್ಷೆಗಳಲ್ಲಿ ಗೊತ್ತಾಗುತ್ತದೆ. ಎರಡನ್ನು ಹತ್ತು ಸಲ ಗುಣಿಸಿದರೆ 1024. ಒಂಬತ್ತನೆಯ ತರಗತಿಯ ಘಾತಾಂಕದ ಪಾಠವನ್ನು ನಾನು ಈಗ ಈ ನಾಲೆಯಿಂದಲೇ ಶುರುಮಾಡುತ್ತೇನೆ.

ಒಂದು ವ್ಯತ್ಯಾಸವುಂಟು. ಏರಿಯ ತೂತು ನೋಡಲು ಹೋದರೆ ಓಡಿಹೋಗುವುದಿಲ್ಲ. ಪ್ರೋಗ್ರಾಮಿನ ಕೆಲವು ದೋಷಗಳು ಡಿಬಗ್ಗರ್ ಹಾಕಿದೊಡನೆ ಮಾಯವಾಗುತ್ತವೆ, ಏಕೆಂದರೆ ಸಲಕರಣೆಯಿಂದಲೇ ಓಟದ ವೇಗ ಬದಲಾಗಿರುತ್ತದೆ. ಅದಕ್ಕಾಗಿ ಮೊಜಿಲ್ಲಾದವರು ಓಟವನ್ನೇ ದಾಖಲಿಸಿಕೊಂಡು ಮತ್ತೆ ಮತ್ತೆ ಓಡಿಸಿ ನೋಡುವ ‘ಆರ್‌ಆರ್’ ಎಂಬ ಸಲಕರಣೆ ಮಾಡಿದರು.

ಅವನ ದಿನ ಬೆಳಿಗ್ಗೆ ಒಂಬತ್ತೂವರೆಯ ಸಭೆಯಿಂದ ಶುರು. ಕರೆಂಟು ಹೋದರೆ ಯುಪಿಎಸ್, ಸಿಗ್ನಲ್ ಹೋದರೆ ಕೆರೆ ಏರಿ. ರಾತ್ರಿ ಅಮೆರಿಕದವರೊಡನೆ ಮಾತು. ಮೂರು ದಿನ ಹುಡುಕಿ ಕೊನೆಗೆ ಒಂದು ಸಾಲು ತಿದ್ದಿದ್ದೂ ಉಂಟು. ನಮ್ಮ ಶಾಲೆಗಳಲ್ಲಿ ಪ್ರೋಗ್ರಾಮ್ ಬರೆಸುತ್ತೇವೆಯೇ ಹೊರತು ಕೆಟ್ಟದ್ದನ್ನು ಕೊಟ್ಟು ‘ಎಲ್ಲಿ ಕೆಟ್ಟಿದೆ, ಹುಡುಕು’ ಎನ್ನುವುದಿಲ್ಲ. ಈಗಂತೂ ಯಂತ್ರವೇ ಕೋಡ್ ಬರೆದುಕೊಡುತ್ತದೆ; ಅದು ಸರಿಯೇ ಎಂದು ನೋಡುವವರು ಬೇಕು. ಮಗನನ್ನು ಕಂಪ್ಯೂಟರ್ ಓದಿಸುವ ತಂದೆತಾಯಿಗಳು ಇದನ್ನೂ ವಿಚಾರಿಸಲಿ.

ಹೊಸ ತಂತ್ರಾಂಶ ಕಟ್ಟುವ ತಂಡಕ್ಕೆ ಬಾ ಎಂದು ಅವನಿಗೆ ಕರೆ ಬಂದಿದೆ. ಸಂಬಳ ಹೆಚ್ಚು, ಆದರೆ ಬೆಂಗಳೂರಿನಲ್ಲೇ ಇರಬೇಕು. ತಂದೆಗೆ ಎರಡು ಮನಸ್ಸು: ತೋರಿಸಲು ಏನಾದರೂ ಸಿಗುತ್ತದೆ, ಮಗ ಕೈಬಿಟ್ಟು ಹೋಗುತ್ತಾನೆ. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ನನ್ನ ಅಭಿಪ್ರಾಯ ಕೇಳಿದ. ಹುಡುಕುವ ಕೆಲಸ ಬೇಸರ ತಂದಿದೆಯೇ ಎಂದೆ. ‘ಇಲ್ಲ ಸಾರ್, ಅದೇ ತೊಂದರೆ’ ಎಂದು ನಕ್ಕ. ಅಷ್ಟರಲ್ಲಿ ಕೆಳಗಿನ ಗದ್ದೆಯವರು ನೀರು ಬಂದಿಲ್ಲವೆಂದು ಕೂಗಿದರು. ತಂದೆ ಹಾರೆ ಹೆಗಲಿಗಿಟ್ಟು ನಡುವಿನ ತೂಬಿನತ್ತ ನಡೆದರು, ಹಿಂದೆ ಮಗನೂ ಪಂಚೆ ಎತ್ತಿಕಟ್ಟಿ ಹೊರಟ.