ಕೊಪ್ಪರಿಗೆಯ ಆಯ್ಕೆ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೂ ಬಿಯರು ಕಾಯಿಸುವ ಕೊಪ್ಪರಿಗೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿರುವುದು ನನ್ನ ಹೆಂಡತಿಯ ತಮ್ಮನ ಮೂಲಕ. ಬೆಂಗಳೂರಿನಲ್ಲಿ ಎಂಜಿನಿಯರನಾಗಿದ್ದ ಆತ, 2010-11ರಿಂದೀಚೆಗೆ ಅಲ್ಲಿ ತಲೆಯೆತ್ತಿದ ಕಿರು ಬ್ರೂವರಿಗಳನ್ನು ಕಂಡು, ಹುಬ್ಬಳ್ಳಿಯಲ್ಲಿಯೂ ಅಂಥದೊಂದನ್ನು ತೆರೆಯುವ ಹಂಬಲದಿಂದ ಕೆಲಸ ಬಿಟ್ಟು ಬಂದಿದ್ದಾನೆ. ಬಂಡವಾಳಕ್ಕೆ ಮಾವನವರು ಕಲಘಟಗಿಯ ಕಡೆಯ ತಮ್ಮ ಹೊಲವನ್ನು ಅಡವಿಡಬೇಕು.

"ಮಾಮಾ, ನೀವು ಹೇಳಿದ್ರ ಅಪ್ಪ ಕೇಳತಾನ" ಎಂದು ಆತ ಆ ಭಾರವನ್ನು ನನ್ನ ಮೇಲೆ ಹೊರಿಸಿದನು.

ನಾನೋ, ಹೆಂಡದ ಮಾರಯ್ಯನ ಹೆಸರನ್ನೂ ರಾಜರತ್ನಂ ಅವರ 'ರತ್ನನ ಪದಗಳು' ಕೃತಿಯನ್ನೂ ತರಗತಿಯಲ್ಲಿ ಉಚ್ಚರಿಸಿದುದಕ್ಕಿಂತ ಹೆಚ್ಚಿನ ಪಾನಾನುಭವವಿಲ್ಲದವನು. ಮಾವನವರು ಇನ್ನೂ ಕಠಿಣ. ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿದ್ದಾಗ ಬಂದ 1949ರ ಪಾನನಿರೋಧ ಕಾಯಿದೆ ಅವರ ಮನೆಯಲ್ಲಿ ಇಂದಿಗೂ ಜಾರಿಯಲ್ಲಿದೆ!

ಭಾವಮೈದುನನು ಮೆಚ್ಚಿದ್ದು ಪರದೇಶದ ಒಂದು ಸಲಕರಣೆಯನ್ನು. ಸಾವಿರ ಲೀಟರಿನದು, ತಾಮ್ರದ ಹೊದಿಕೆ, ಚಿತ್ರದಲ್ಲಿ ದೇವಾಲಯದ ಕಳಸದಂತೆ ಹೊಳೆಯುತ್ತಿದ್ದಿತು. ಹೋಲಿಸಿ ನೋಡೋಣವೆಂದು ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ, ಡೇರಿಗಳಿಗೆ ಹಾಲಿನ ತೊಟ್ಟಿ ಮಾಡಿಕೊಡುವ ಒಂದು ಕಾರ್ಖಾನೆಗೆ ಹೊರಟೆವು. ಬರುವುದಿಲ್ಲವೆಂದಿದ್ದ ಮಾವನವರು ಕಡೆಯ ಗಳಿಗೆಯಲ್ಲಿ ರುಮಾಲು ಸುತ್ತಿಕೊಂಡು ಕಾರು ಹತ್ತಿದರು.

ಕಾರ್ಖಾನೆಯ ಯಜಮಾನರು ಚಿತ್ರವನ್ನು ನೋಡಿ, "ಛಂದ ಐತ್ರಿ. ಒಳಗ ಕೈ ಆಡತದೇನು? ತೊಳಿಯಾವ್ರು ಯಾರು?" ಎಂದರು. ಬೆಸುಗೆಯನ್ನು ಒಳಗಿನಿಂದ ಉಜ್ಜಿ ನಯಗೊಳಿಸದಿದ್ದರೆ ಆ ಸಂದಿನಲ್ಲಿ ಸೂಕ್ಷ್ಮಜೀವಿ ಕೂತು ಇಡೀ ಪಾಕವನ್ನು ಹುಳಿ ಮಾಡುವುದಂತೆ. ನಾನು ಒಂದು ತೊಟ್ಟಿಯೊಳಗೆ ಕೈಯಿಟ್ಟು ನೋಡಿದೆ. ಬೆಸುಗೆ ಎಲ್ಲಿದೆಯೆಂಬುದೇ ಬೆರಳಿಗೆ ತಿಳಿಯಲಿಲ್ಲ.

ಮೊಳೆಯಿಸಿ ಒಣಗಿಸಿದ ಜವೆಗೋಧಿಯನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿಯ ನೀರಿನಲ್ಲಿ ತಾಸಿನವರೆಗೆ ನೆನೆಯಿಟ್ಟರೆ ಹಿಟ್ಟು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಹೂ ಹಾಕಿ ಇನ್ನೊಂದು ತಾಸು ಕುದಿಸಿ ತಣಿಸಬೇಕು. ಇದಿಷ್ಟು ಒಂದು ದಿನದ ಅಡುಗೆ. ಆಮೇಲೆ ಯೀಸ್ಟ್ ಬೆರೆತು ಹುದುಗಿ ಮಾಗುವುದಕ್ಕೆ ಎರಡು ಮೂರು ವಾರ.

"ಕೊಪ್ಪರಿಗಿ ದೊಡ್ಡದಾದ್ರ ಮಾಲು ಹೆಚ್ಚಾಗೂದಿಲ್ರಿ, ಮಾಗೂ ತೊಟ್ಟಿ ಖಾಲಿ ಇರಬೇಕು" ಎಂದರು ಯಜಮಾನರು. ಅವರ ಸಲಹೆಯೆಂದರೆ, ಐದುನೂರು ಲೀಟರಿನ ಎರಡು ಪಾತ್ರೆ, ಸಾವಿರ ಲೀಟರಿನ ಹುದುಗುತೊಟ್ಟಿಗಳು. ಗಿರಾಕಿ ಹೆಚ್ಚಿದರೆ ದಿನಕ್ಕೆರಡು ಸಲ ಕಾಯಿಸಿ ತೊಟ್ಟಿ ತುಂಬಬಹುದು. ಇಲ್ಲದಿದ್ದರೆ ಅರ್ಧವೇ ಸಾಕು. ಉಳಿದ ದುಡ್ಡನ್ನು ತಣಿಸುವ ಯಂತ್ರಕ್ಕೆ ಹಾಕಬೇಕು. ಏಪ್ರಿಲಿನ ಹುಬ್ಬಳ್ಳಿಯಲ್ಲಿ ಹೊಳಪಿನಿಂದೇನೂ ತಣ್ಣಗಾಗುವುದಿಲ್ಲವಷ್ಟೆ.

ಅಲ್ಲಿಯವರೆಗೆ ಮೌನವಾಗಿದ್ದ ಮಾವನವರು ಪಾತ್ರೆಯ ತಳವನ್ನು ಬೆರಳಿನಿಂದ ತಟ್ಟಿ, "ತಳಾ ಹಿಡಿಯೂದಿಲ್ಲೇನು?" ಎಂದರು. ಪ್ರಾಯದಲ್ಲಿ ಬೆಲ್ಲದ ಗಾಣ ನಡೆಸಿದವರು. ತಳ ಹಿಡಿದ ಪಾಕದ ಬೆಲೆ ಅವರಿಗೆ ಗೊತ್ತು. ಪಾತ್ರೆಗೆ ಇಮ್ಮಡಿ ಗೋಡೆಯಿದ್ದು ನಡುವೆ ಉಗಿ ಹರಿಯುವುದರಿಂದ ಬೆಂಕಿ ತಾಗುವುದಿಲ್ಲವೆಂದು ತಿಳಿದಾಗ ಅವರ ಮುಖ ಸ್ವಲ್ಪ ಅರಳಿತು. ಉಕ್ಕು ಬಂದರೆ ಎಲ್ಲಿಗೆ ಹೋಗುತ್ತದೆಂದು ಕೇಳಿದರು. ಕಾಲುಭಾಗ ಮೇಲೆ ಖಾಲಿ ಬಿಡುತ್ತಾರಂತೆ. ಅರ್ಧ ತಾಸು ಅವರಿಬ್ಬರೂ ಪಾಕದ ಮಾತಿನಲ್ಲಿ ನಮ್ಮನ್ನು ಮರೆತರು. ಅದು ಹೆಂಡದ ಮಾತೆಂಬುದನ್ನು ಮಾವನವರೂ ಮರೆತಿದ್ದಿರಬೇಕು.

ಹೊರಡುವಾಗ ಯಜಮಾನರು ಕೇಳಿದ ಪ್ರಶ್ನೆಗೆ ಭಾವಮೈದುನನ ಕಡತದಲ್ಲಿ ಉತ್ತರವಿರಲಿಲ್ಲ: "ನೀರು?"

ತೊಳೆಯುವುದು, ತಣಿಸುವುದು ಎಲ್ಲ ಸೇರಿ ಒಂದು ಲೀಟರು ಬಿಯರಿಗೆ ಐದಾರು ಲೀಟರು ನೀರು ಬೇಕಾಗುತ್ತದೆ. ಒಂದು ಸಲದ ಅಡುಗೆಗೆ ಮೂರು ಸಾವಿರ ಲೀಟರಿನಷ್ಟು. ನಲ್ಲಿಗೆ ನೀರು ಬರುವ ದಿನವನ್ನು ಹಬ್ಬದಂತೆ ಲೆಕ್ಕವಿಡುವ ಊರು ನಮ್ಮದು. ಆತನ ಮುಖ ಬಾಡಿತು.

ಕಾರಿನಲ್ಲಿ ಮಾವನವರು, "ನಾ ಗಾಣಾ ಹೂಡೂಮುಂದ ಮೊದಲ ಹಳ್ಳಾ ನೋಡಿದ್ದೆ, ಆಮ್ಯಾಲ ಕೊಪ್ಪರಿಗಿ" ಎಂದರು. ಗೊತ್ತುಮಾಡಿದ ಜಾಗದ ಕೊಳವೆಬಾವಿಯ ನೀರನ್ನು ಮರುದಿನವೇ ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸಿದೆವು. ವರದಿ ಬರಬೇಕಷ್ಟೆ. ಹೊಲದ ಕಾಗದಪತ್ರಗಳು ಇನ್ನೂ ಮಾವನವರ ಟ್ರಂಕಿನಲ್ಲಿಯೇ ಇವೆ. ತಾರಿಹಾಳದ ದರಪಟ್ಟಿಯನ್ನೂ ಅವರು ನಾಲ್ಕಾಗಿ ಮಡಿಸಿ ಅದೇ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.