ಕತ್ತಿ ಮಾಡುವ ಆಟ ಮತ್ತು ನಮ್ಮ ಕುಲುಮೆ



ದಸರಾ ರಜೆಯಲ್ಲಿ ಏನು ಮಾಡಿದಿರಿ ಎಂದು ಬರೆಯಲು ಹೇಳಿದಾಗ ಎಲ್ಲರೂ ಜಾತ್ರೆ, ಮದುವೆ, ಪ್ರವಾಸ ಎಂದು ಬರೆದು ಕೊಟ್ಟರು. ನಾನೊಬ್ಬಳೇ ಕೊಡಲಿಲ್ಲ. ಏಕೆಂದರೆ ನಾನು ರಜೆಯೆಲ್ಲಾ ಒಂದು ಆಟ ಆಡಿದ್ದೆ. ಅದನ್ನು ಬರೆದರೆ ಬೈಗುಳ ತಿನ್ನಬೇಕಾಗುತ್ತದೆ ಎಂದು ಅಂಜಿದೆ. ಈಗ ಗುರುಗಳೇ "ಆಟದ ಬಗ್ಗೆನೇ ಬರಿ, ಆದರ ಖರೆ ಬರಿ" ಎಂದಿದ್ದಾರೆ. ಖರೆ ಬರೆದರೆ ನಾನು ಮಾಡಿದ ಒಂದು ತಪ್ಪೂ ಇದರಲ್ಲಿ ಬರುತ್ತದೆ. ಓದಿ ನಗಬೇಡಿರಿ.

ನಮ್ಮ ದೊಡ್ಡವ್ವನ ಮನೆ ಕಲಬುರಗಿಯ ನೆಹರು ಗಂಜ್‌ನಲ್ಲಿ ಇದೆ. ಖಂಡೇ ಪೂಜೆಯ ದಿನ ಕುಲುಮೆಯ ಸಾಮಾನು ಪೂಜೆ ಮಾಡಿ, ಬನ್ನಿ ಕೊಟ್ಟು, ಮರುದಿನ ಕಮಲಾಪುರದಿಂದ ಬಸ್ಸು ಹತ್ತಿ ಹೋದೆ. ಅವ್ವ ಒಂದು ಚೀಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಕಟ್ಟಿ ಕೊಟ್ಟಿದ್ದಳು. ಗಂಜ್ ಎಂದರೆ ಎಲ್ಲಿ ನೋಡಿದರೂ ಅಡತ್ ಅಂಗಡಿ, ಲಾರಿ, ಚೀಲದ ಥಪ್ಪಿ. ತೊಗರಿ, ಕಡಲೆ, ಹೆಸರು ಎಲ್ಲಾ ಅಲ್ಲಿಗೇ ಬರುತ್ತದೆ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಎಂದು ಸಮಾಜ ಪಾಠ ಮಾಡುವಾಗ ಕೇಳಿದ್ದೀರಿ. ದೊಡ್ಡಪ್ಪ ಅಲ್ಲಿ ಹಮಾಲಿ. ಅವರ ಮಗ, ಅಂದರೆ ನಮ್ಮ ಅಣ್ಣ, ಮೊಬೈಲ್ ರಿಪೇರಿ ಕಲಿಯುತ್ತಿದ್ದಾನೆ. ಯಾರೋ ಕೊಟ್ಟ ಹಳೆ ಸಾಮಾನಿನೊಳಗೆ ಅವನಿಗೆ ಒಂದು ಆಟದ ಯಂತ್ರ ಸಿಕ್ಕಿತ್ತು. ಅದರ ಹೆಸರು ಗೇಮ್ ಬಾಯ್ ಅಡ್ವಾನ್ಸ್. ಅದು 2001ರಲ್ಲಿ ಬಂದಿದ್ದು, ಅಂದರೆ ನನಗಿಂತ ಬಹಳ ದೊಡ್ಡದು! ಎರಡು ಸಣ್ಣ ಸೆಲ್ಲು ಹಾಕಬೇಕು. ಅದರ ಪರದೆಗೆ ಸ್ವಂತ ಬೆಳಕಿಲ್ಲ. ಮನೆಯೊಳಗೆ ಕುಳಿತರೆ ಏನೂ ಕಾಣುವುದಿಲ್ಲ. ಆದ್ದರಿಂದ ನಾನು ದಿನಾಲು ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು ಆಡುತ್ತಿದ್ದೆ. ಹೋಗುವ ಬರುವ ಹಮಾಲರೆಲ್ಲ "ಏನವ್ವಾ, ಲೆಕ್ಕ ಮಾಡ್ಲತ್ತೀಯೇನು?" ಎಂದು ಕೇಳುತ್ತಿದ್ದರು. ಕ್ಯಾಲ್ಕುಲೇಟರ್ ಎಂದು ತಿಳಿದಿದ್ದರು ಪಾಪ.

ಆಟದ ಹೆಸರು "ಸಮನ್ ನೈಟ್: ಸೋರ್ಡ್‌ಕ್ರಾಫ್ಟ್ ಸ್ಟೋರಿ". (ಸೋರ್ಡ್ ಬರೆಯುವಾಗ ನಡುವೆ ಡಬ್ಲ್ಯೂ ಬರುತ್ತದೆ, ಆದರೆ ಓದುವಾಗ ಬರುವುದಿಲ್ಲ. ನನಗೆ ಇದೊಂದು ಲಾಭವಾಯಿತು.) ಜಪಾನಿನವರು ಇದನ್ನು 2003ರಲ್ಲಿ ಮಾಡಿದರು, ಇಂಗ್ಲಿಷಿನಲ್ಲಿ 2006ರಲ್ಲಿ ಬಂತು. ಮಾತೆಲ್ಲ ಇಂಗ್ಲಿಷಿನಲ್ಲಿವೆ. ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಅಣ್ಣ ರಾತ್ರಿ ಬಂದ ಮೇಲೆ ಹೇಳುತ್ತಿದ್ದ. ಅಣ್ಣನಿಗೂ ತಿಳಿಯದ್ದನ್ನು ನಾವೇ ಕಥೆ ಕಟ್ಟಿಕೊಂಡೆವು.

ಕಥೆ ಹೀಗಿದೆ. ವಿಸ್ಟರ್ನ್ ಎಂಬ ಕತ್ತಿಗಳ ಪಟ್ಟಣ. ಅಲ್ಲಿ ಕಮ್ಮಾರರೇ ದೊಡ್ಡವರು! ರಾಜ ಇಲ್ಲ, ಮಂತ್ರಿ ಇಲ್ಲ, ಕತ್ತಿ ಮಾಡುವುದರಲ್ಲಿ ಎಲ್ಲರಿಗಿಂತ ಜಾಣರಾದವರ ಮಾತೇ ನಡೆಯುತ್ತದೆ. ಇದನ್ನು ಓದಿದ ಕೂಡಲೇ ನನಗೆ ಆಟ ಸೇರಿತು. ನಮ್ಮ ಊರಲ್ಲಿ ನಮ್ಮ ಮನೆಗೆ ಯಾರೂ ಹಾಗೆ ಅನ್ನುವುದಿಲ್ಲ. ಆಟ ಶುರು ಮಾಡುವಾಗ ಹುಡುಗ ಬೇಕೋ ಹುಡುಗಿ ಬೇಕೋ ಎಂದು ಕೇಳುತ್ತದೆ. ನಾನು ಹುಡುಗಿ ತೆಗೆದುಕೊಂಡೆ. ಅವಳ ಹೆಸರು ಪ್ರ್ಯಾಟಿ. ಅವಳ ಅಪ್ಪ ಬಹಳ ಹೆಸರಾದ ಕಮ್ಮಾರ, ತೀರಿಕೊಂಡಿದ್ದಾನೆ. ಅವನ ಜಾಗಕ್ಕೆ ಹೊಸಬರನ್ನು ಆರಿಸಲು ಒಂದು ಪಂದ್ಯ ಇಡುತ್ತಾರೆ. ತಾನೇ ಮಾಡಿದ ಆಯುಧ ಹಿಡಿದು ತಾನೇ ಕಾದಾಡಬೇಕು. ಜೊತೆಗೆ ಬೇರೆ ಲೋಕದಿಂದ ಕರೆದ ಒಂದು ಕಾವಲು ಜೀವಿ ಇರುತ್ತದೆ. ಮೊದಲು ಕೆಲವು ಪ್ರಶ್ನೆ ಕೇಳಿ, ನಮ್ಮ ಉತ್ತರ ನೋಡಿ ನಾಲ್ಕರಲ್ಲಿ ಒಂದನ್ನು ಕೊಡುತ್ತಾರೆ. ನನಗೆ ಬಂದದ್ದರ ಹೆಸರು ಶುಗರ್. ದೊಡ್ಡವ್ವನಿಗೆ ಹೇಳಿದರೆ "ನಮ್ಮ ಗಂಜಿನಾಗ ಅದು ಎಲ್ಲರಿಗೂ ಐತಿ" ಎಂದಳು.

ಕತ್ತಿ, ಕೊಡಲಿ, ಭಲ್ಲೆ, ಕೈಗೆ ಹಾಕಿಕೊಳ್ಳುವ ಮುಷ್ಟಿ, ತಿರುಗುವ ಬರಮಾ, ಹೀಗೆ ಐದು ತರಹದ ಆಯುಧ ಮಾಡಬಹುದು. ಮೂರನ್ನು ಜೊತೆಗೆ ಒಯ್ಯಬಹುದು. ನೆಲದೊಳಗಿನ ಗವಿಗಳಿಗೆ ಇಳಿದು, ಪ್ರಾಣಿಗಳ ಜೊತೆ ಕಾದಾಡಿ, ಅದಿರು ಕೂಡಿಸಿಕೊಂಡು ಬರಬೇಕು. ಪ್ರತಿ ಆಯುಧಕ್ಕೂ ಬಾಳಿಕೆ ಇಷ್ಟು ಎಂದು ಒಂದು ಅಂಕಿ ಇರುತ್ತದೆ. ಹೊಡೆದಂತೆ ಅದು ಕಡಿಮೆಯಾಗುತ್ತದೆ, ಸೊನ್ನೆಯಾದರೆ ಆಯುಧ ಮುರಿಯುತ್ತದೆ. ಪಂದ್ಯದಲ್ಲಿ ಎದುರಿನವನ ಆಯುಧ ನಾವು ಮುರಿದರೆ ನಾವೇ ಗೆದ್ದಂತೆ, ಮೇಲಾಗಿ ಆ ಆಯುಧ ಮಾಡುವ ವಿದ್ಯೆ ನಮಗೆ ಬರುತ್ತದೆ. ಇದು ಈ ಆಟದಲ್ಲಿ ಎಲ್ಲಕ್ಕಿಂತ ಛಲೋ ಇರುವುದು. ನಾನು ಬೇಗ ಗೆಲ್ಲುವುದನ್ನು ಬಿಟ್ಟು ಮುರಿಯುವುದಕ್ಕೇ ಕಾದು ಕುಳಿತು ಎಷ್ಟೋ ಸಲ ಸೋತಿದ್ದೇನೆ.

ಕಾದಾಟ ಚೆನ್ನಾಗಿದೆ. ಎಡಕ್ಕೆ ಬಲಕ್ಕೆ ಓಡುವುದು, ಜಿಗಿಯುವುದು, ತಡೆಯುವುದು ಎಲ್ಲಾ ಕೈಯಲ್ಲೇ ಇರುತ್ತದೆ. ಆದರೆ ಗವಿಯಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಪ್ರಾಣಿ, ಮತ್ತೆ ಎರಡು ಹೆಜ್ಜೆಗೆ ಮತ್ತೊಂದು. ಬೇಸರ ಬರುತ್ತದೆ.

ಇನ್ನು ಆಯುಧ ಮಾಡುವ ಭಾಗ. ಅದಿರು ಇದೆಯಾ? ವಿದ್ಯೆ ಗೊತ್ತಿದೆಯಾ? ಗುಂಡಿ ಒತ್ತು. ಠಣ್ ಠಣ್ ಎಂದರೆ ಕತ್ತಿ ತಯಾರು! ಆಗ ನನಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಕಮ್ಮಾರನ ಮಗಳಾಗಿ ನಾನೇ ನಂಬಿದೆ.

ಅಣ್ಣ ಒಂದು ದಿನ ನನ್ನನ್ನು ಕೋಟೆಗೂ ಕರೆದುಕೊಂಡು ಹೋಗಿ ಬಾರಾ ಗಜಿ ತೋಪು ತೋರಿಸಿದ. 29 ಅಡಿ ಉದ್ದ ಇದೆ. ಅದನ್ನು ನೋಡಿ ಇದರ ಬಾಳಿಕೆ ಎಷ್ಟಿರಬೇಕು ಎಂದು ಕೇಳಿದೆ. ಅಣ್ಣ ನನ್ನ ತಲೆಗೆ ಮೊಟಕಿದ.

ರಜೆ ಮುಗಿಯಿತು, ಊರಿಗೆ ಬಂದೆ. ಬರುವಾಗ ಗಂಜ್‌ನಲ್ಲಿ ಒಂದು ಅಂಗಡಿಯ ಮುಂದೆ ಹೊಸ ಕುಡಗೋಲು ಕಟ್ಟು ಕಟ್ಟಿ ತೂಗುಹಾಕಿದ್ದರು. ಎಲ್ಲಾ ಒಂದೇ ಅಳತೆ, ಒಂದೇ ಬಣ್ಣದ ಹಿಡಿಕೆ. ರೇಟು ಕೇಳಿದೆ. ಅಪ್ಪ ತೆಗೆದುಕೊಳ್ಳುವುದಕ್ಕಿಂತ ಕಡಿಮೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತು ಎಂದು ಆಮೇಲೆ ಅನಿಸಿತು. ಅಪ್ಪ "ಗೊತ್ತದ ನನಗ" ಎಂದು ಸುಮ್ಮನಾದರು. ಆ ರಾತ್ರಿ ಅವ್ವನಿಗೆ "ಈ ತೊಗರಿ ಸುಗ್ಗಿ ಒಂದು ಆಗಲಿ, ಮುಂದಿನ ವರ್ಷ ಕುಲುಮಿ ಮುಚ್ಚಿ ಎಲ್ಲಿಯಾದರೂ ದುಡಿಲಾಕ ಹೋಗ್ತೀನಿ. ಅಡಿಗಲ್ಲು ಗುಜರಿಗೆ ಹಾಕಿದರ ಒಂದಿಷ್ಟು ಬರ್ತದ" ಎಂದು ಹೇಳುವುದು ನನಗೆ ಕೇಳಿಸಿತು. ನಾನು ಮಲಗಿದ್ದೇನೆ ಎಂದು ತಿಳಿದಿದ್ದರು. ಆ ಅಡಿಗಲ್ಲು ನಮ್ಮ ಮುತ್ಯಾನ ಕಾಲದ್ದು. ನಡುವೆ ತಗ್ಗು ಬಿದ್ದಿದೆ. ಆಟದಲ್ಲಿ ಪ್ರ್ಯಾಟಿಯ ಅಪ್ಪನ ಜಾಗಕ್ಕೆ ಇಡೀ ಊರೇ ಪಂದ್ಯಕ್ಕೆ ನಿಲ್ಲುತ್ತದೆ. ನಮ್ಮಪ್ಪನ ಜಾಗ ಯಾರಿಗೂ ಬೇಡ. ನಮ್ಮ ಅಣ್ಣತಮ್ಮಂದಿರಿಗೂ ಬೇಡ.

ಆಗ ನನ್ನ ತಲೆಯಲ್ಲಿ ಬಂದಿದ್ದು, ನಾನೇ ಮಾಡಿ ತೋರಿಸುತ್ತೇನೆ ಎಂದು. ಡಿಸೆಂಬರಿನಲ್ಲಿ ಒಂದು ಭಾನುವಾರ ಅಪ್ಪ ಅವ್ವ ಇಬ್ಬರೂ ಒಂದು ಮದುವೆಗೆ ಹೋಗಿದ್ದರು. ನಮ್ಮ ಓಣಿಯ ಒಬ್ಬ ಆಯಿ ತನ್ನ ಕುಡಗೋಲು ಹಣಿಸಲು ಕೊಟ್ಟು ಹೋಗಿದ್ದಳು. ಮರುದಿನ ತೊಗರಿ ಕೊಯ್ಲಿಗೆ ಬೇಕಾಗಿತ್ತು. ನಾನು ತಮ್ಮನನ್ನು ಕೂಡಿಸಿ ಪಂಖ ತಿರುವಲು ಹಚ್ಚಿದೆ. ಕೆಂಪಾದರೆ ಸಾಲದು, ಇನ್ನೂ ಕಾಯಲಿ ಎಂದು ಬೆಳ್ಳಗಾಗುವ ತನಕ ಬಿಟ್ಟೆ. ಕಿಡಿ ಹಾರತೊಡಗಿದವು. ನನಗೆ ಖುಷಿ! ಅಡಿಗಲ್ಲಿನ ಮೇಲಿಟ್ಟು ಬಡಿದು ಅಂಚು ತೆಳ್ಳಗೆ ಮಾಡಿದೆ. ಮತ್ತೆ ಕಾಯಿಸಿ ಹಾಗೆಯೇ ಪೂರ್ತಿ ನೀರಿನ ದೋಣಿಗೆ ಅದ್ದಿದೆ. ಸೊಂಯ್ ಎಂದಿತು. ಕಲ್ಲಿಗೆ ಮಸೆದು ಬೆರಳಿನಿಂದ ನೋಡಿದರೆ ಕೂದಲು ಕಡಿಯುವಷ್ಟು ಚೂಪು. ಸಂಜೆ ಆಯಿ ಬಂದಾಗ ಅಪ್ಪ ಮಾಡಿದ್ದಾರೆ ಎಂದು ಸುಳ್ಳು ಹೇಳಿ ಕೊಟ್ಟೆ.

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಆಯಿ ನಮ್ಮ ಕುಲುಮೆಯ ಮುಂದೆ ಕುಳಿತಿದ್ದಳು. ಕೈಗೆ ಅರಿವೆ ಕಟ್ಟಿದ್ದಳು. ತೊಗರಿ ಗಿಡದ ಬುಡ ಕಟ್ಟಿಗೆಯಂತೆ ಗಟ್ಟಿ ಇರುತ್ತದಲ್ಲ, ನಾಲ್ಕನೇ ಸಾಲಿಗೇ ಕುಡಗೋಲು ನಡುವೆ ಪಟ್ಟನೆ ಮುರಿದು, ತುಂಡು ಹಾರಿ ಅವಳ ಎಡಗೈ ಕೊಯ್ದಿತ್ತು. ಇನ್ನೂ ಸ್ವಲ್ಪ ಮೇಲೆ ಬಂದಿದ್ದರೆ ಕಣ್ಣಿಗೇ ಬರುತ್ತಿತ್ತು. ಆಯಿ ಅಪ್ಪನಿಗೆ "ಮೂವತ್ತು ವರ್ಷ ನಿಮ್ಮ ಮನಿ ಸಾಮಾನು ಹಿಡಿದೀನಿ, ಹಿಂಗ ಒಮ್ಮೀನೂ ಆಗಿಲ್ಲಪ್ಪ" ಎಂದಳು. ಅಪ್ಪ ನನ್ನ ಕಡೆ ನೋಡಿದರು. ಅವರಿಗೆ ತುಂಡು ನೋಡಿದ ಕೂಡಲೇ ತಿಳಿದಿತ್ತು. ಆದರೂ ಆಯಿಗೆ "ನಂದೇ ತಪ್ಪಾಗ್ಯಾದವ್ವ, ಬೆಂಕಿ ಹೆಚ್ಚಾಗ್ಯಾದ" ಎಂದು ತಮ್ಮ ಮೇಲೆ ಹಾಕಿಕೊಂಡರು. ನನಗೆ ಹೊಡೆದಿದ್ದರೆ ಛಲೋ ಇತ್ತು. ನಾನು ಅಳುತ್ತಾ ಎಲ್ಲಾ ಹೇಳಿಬಿಟ್ಟೆ. ಆಯಿ ಬೈಯಲಿಲ್ಲ. "ಸುಳ್ಳು ಯಾಕ ಹೇಳಿದಿ?" ಎಂದು ಅಷ್ಟೇ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಅಪ್ಪ ಆಯಿಗೆ ಹೊಸ ಕುಡಗೋಲು ಮಾಡಲು ಕುಳಿತರು. ಅವ್ವ ದೊಡ್ಡ ಸುತ್ತಿಗೆ ಹಿಡಿದಳು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಮೊದಲು ಮುರಿದ ತುಂಡಿನ ಬಾಯಿ ತೋರಿಸಿದರು. ಒಳಗೆ ಸಕ್ಕರೆಯ ಹರಳಿನ ಹಾಗೆ ದಪ್ಪ ದಪ್ಪ ಕಾಳು ಹೊಳೆಯುತ್ತಿದ್ದವು. ಅತಿಯಾಗಿ ಕಾಯಿಸಿದರೆ ಉಕ್ಕು ಹೀಗೆ ಆಗುತ್ತದೆ. ಹದವಾಗಿ ಕಾಯಿಸಿದ್ದರ ಬಾಯಿ ಬೂದಿಯ ಹಾಗೆ ಸಣ್ಣಗೆ ಇರುತ್ತದೆ. ನಮ್ಮ ಕುಡಗೋಲಿಗೆ ಲಾರಿಯ ಹಳೆ ಕಮಾನಪಟ್ಟಿಯೇ ಬೇಕು, ಮನೆ ಕಟ್ಟುವ ಸಾದಾ ಸಳಿಗೆ ಎಷ್ಟು ನೀರು ಕುಡಿಸಿದರೂ ಅದು ಗಟ್ಟಿಯಾಗುವುದಿಲ್ಲ. ಮುಳುಗುವ ಸೂರ್ಯನ ಕೆಂಪು ಬಂದ ಕೂಡಲೇ ತೆಗೆದು, ಅಂಚು ಮಾತ್ರ ನೀರಿಗೆ ತಾಗಿಸಬೇಕು. ಆಗ ಅಂಚು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಮುರಿಯುವ ಸ್ವಭಾವ. ಇಲ್ಲಿಗೇ ನಾನು ನಿಲ್ಲಿಸಿದ್ದೆ. ಅಪ್ಪ ಕೂಡಲೇ ಅಂಚನ್ನು ಕಲ್ಲಿನಿಂದ ತಿಕ್ಕಿ ಬೆಳ್ಳಗೆ ಮಾಡಿ "ಈಗ ನೋಡು, ಕಣ್ಣು ಮುಚ್ಚಬ್ಯಾಡ" ಎಂದರು. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಅಂಚಿಗೆ ಇಳಿಯುತ್ತದೆ. ಮೊದಲು ಒಣ ಜೋಳದ ದಂಟಿನ ಹಳದಿ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ನವಿಲಿನ ಕುತ್ತಿಗೆಯ ನೀಲಿ. ಬೆಲ್ಲದ ಬಣ್ಣ ಬರುವಾಗ ಮತ್ತೆ ನೀರಿಗೆ ಇಡಬೇಕು. ನೀಲಿ ಬಂದರೆ ಮೆತ್ತಗಾಯಿತು. ಇಷ್ಟೆಲ್ಲಾ ಕೆಲವೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ಬೆಳಕಿನಲ್ಲಿ ಕೆಂಪಿನ ಹದ ತಿಳಿಯುವುದಿಲ್ಲ ಎಂದೇ ಕುಲುಮೆ ಕತ್ತಲಲ್ಲಿ ಇರುತ್ತದೆ. ಆ ಆಟಕ್ಕೆ ಬಿಸಿಲು ಬೇಕು, ಈ ಕೆಲಸಕ್ಕೆ ಕತ್ತಲೆ ಬೇಕು. ನಮ್ಮಪ್ಪ ಗೂಡು ಕಟ್ಟುವಾಗ ಕಿಟಕಿ ಬಿಡಲು ಮರೆತಿದ್ದಾರೆ ಎಂದು ನಾನು ಇಷ್ಟು ದಿನ ತಿಳಿದಿದ್ದೆ.

ಹಳೆ ಕಾಲದಲ್ಲಿ ನಮ್ಮ ಕಡೆಯ ಉಕ್ಕು ಹಡಗಿನಲ್ಲಿ ಪರದೇಶಕ್ಕೆ ಹೋಗುತ್ತಿತ್ತು, ಡಮಾಸ್ಕಸ್ ಕತ್ತಿಗಳನ್ನು ಅಂಥ ಉಕ್ಕಿನಿಂದ ಮಾಡುತ್ತಿದ್ದರು, ಇಂಗ್ಲಿಷಿನವರು ಅದಕ್ಕೆ "ವೂಟ್ಜ್" ಎನ್ನುವುದು ನಮ್ಮ ಕನ್ನಡದ "ಉಕ್ಕು" ಪದದಿಂದಲೇ ಬಂದಿದೆ ಎಂದು ಪಂಡಿತರು ಹೇಳುತ್ತಾರೆ ಎಂದು ಗುರುಗಳು ಹೇಳಿದರು. ಅಪ್ಪನಿಗೆ ಹೇಳಿದೆ. "ಹೌದೇನು?" ಎಂದು ಎರಡು ಸಲ ಕೇಳಿದರು.

ಎಳ್ಳಮವಾಸಿಗೆ ಅಣ್ಣ ನಮ್ಮ ಊರಿಗೆ ಬಂದ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಸಜ್ಜಿರೊಟ್ಟಿ ಉಂಡು ಕುಳಿತಾಗ ಯಂತ್ರ ಹೊರಗೆ ತೆಗೆದ. ಅಪ್ಪ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಪ್ರ್ಯಾಟಿ ಒಂದು ಕೊಡಲಿ ಮಾಡಿದಳು. ಅಪ್ಪ ಕೇಳಿದರು, "ಈಕಿಗಿ ಇದ್ದಲಿ ಯಾರು ತಂದು ಕೊಡ್ತಾರ? ಪಂಖ ತಿರುವವರು ಯಾರು? ಉದ್ರಿ ಒಯ್ದವರು ರೊಕ್ಕ ಕೊಡ್ತಾರಿಲ್ಲೊ?" ಅಣ್ಣ ನಕ್ಕು ನಕ್ಕು ಸಾಕಾದ. ಆದರೆ ಎದುರಿನವನ ಭಲ್ಲೆ ಮುರಿದು ಪ್ರ್ಯಾಟಿಗೆ ಅದರ ವಿದ್ಯೆ ಬಂದಾಗ ಅಪ್ಪ ನಗಲಿಲ್ಲ. "ಇದು ಮಾತ್ರ ಖರೆ ಅದ" ಎಂದು ಯಂತ್ರ ತಿರುಗಿ ಕೊಟ್ಟರು.

ಆಟ ನಾನು ಪೂರ್ತಿ ಮುಗಿಸಿಲ್ಲ. ಯಾರಿಗಾದರೂ ಸಿಕ್ಕರೆ ಆಡಿರಿ, ಛಲೋ ಅದ. ಕಾದಾಟಕ್ಕೆ ಹತ್ತಕ್ಕೆ ಎಂಟು, ಕಥೆಗೆ ಒಂಬತ್ತು, ಕಮ್ಮಾರಿಕೆಗೆ ಎರಡು ಅಂಕ ಕೊಡುತ್ತೇನೆ. ಆಯಿಯ ಕೈ ಈಗ ವಾಸಿಯಾಗಿದೆ, ಗಾಯದ ಗೆರೆ ಉಳಿದಿದೆ. ಹೊಸ ಕುಡಗೋಲಿನಿಂದಲೇ ಅವರ ಹೊಲದ ತೊಗರಿ ಪೂರ್ತಿ ಕೊಯ್ದಾಯಿತು. ಕುಲುಮೆ ಮುಚ್ಚುವ ಮಾತು ಅಪ್ಪ ಮತ್ತೆ ಎತ್ತಿಲ್ಲ, ಆದರೆ ಬಿಟ್ಟಿಲ್ಲ ಎಂದೂ ನನಗೆ ಗೊತ್ತು. ಭಾನುವಾರ ಭಾನುವಾರ ಮಾತ್ರ ನನಗೆ ಕೆಲಸ ಕೊಡುತ್ತಾರೆ. ಸದ್ಯಕ್ಕೆ ಖುರ್ಪಿ ಮಾತ್ರ, ಅದೂ ಅಪ್ಪ ಪಕ್ಕದಲ್ಲಿ ನಿಂತಾಗ. ಮೊದಲನೆಯದು ನೀಲಿಯಾಯಿತು. ಎರಡನೆಯದೂ ನೀಲಿ. ಮೂರನೆಯದನ್ನು ಅಪ್ಪ ಕಲ್ಲಿಗೆ ಬಡಿದು ನೋಡಿ, ಏನೂ ಅನ್ನದೆ ಗೂಟಕ್ಕೆ ತೂಗುಹಾಕಿದರು.

ನಿಮ್ಮ ಮನೆಯಲ್ಲಿ ಖುರ್ಪಿ ಹಣಿಸುವುದಿದ್ದರೆ ಭಾನುವಾರ ತರಬೇಕು. ಹಿಡಿಕೆ ಸಡಿಲಿದ್ದರೆ ಮೊದಲೇ ಹೇಳಿರಿ.

— ಏಳನೆಯ ತರಗತಿಯ ವಿದ್ಯಾರ್ಥಿನಿ