ನಿದ್ದೆಯ ಲೆಕ್ಕ

ವಿಶ್ವವಿದ್ಯಾಲಯದ ಆವರಣದಲ್ಲಿ ಟ್ಯಾಂಕಿಗೊಂದು, ಬೋರ್‌ವೆಲ್ಲಿಗೊಂದು ಸೆನ್ಸರ್ ಕೂರಿಸಿ ತಂತಿಯಿಲ್ಲದೆ ಸುದ್ದಿ ತರಿಸಿಕೊಳ್ಳುವ ಜಾಲ ಕಟ್ಟುವುದೆಂದರೆ ಬಹಳ ಜನ ಆಂಟೆನಾದ ಕೆಲಸ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ನಿದ್ದೆ ಮಾಡಿಸುವ ಕಸುಬು, ಅದರ ರುಚಿ ಇರುವುದೇ ಅಲ್ಲಿ. ಲೆಕ್ಕ ಹಾಕಿ ನೋಡಿ. ಒಳ್ಳೆಯ ಪೆನ್ಸಿಲ್ ಸೆಲ್ಲಿನಲ್ಲಿರುವುದು ಸುಮಾರು 2,500 ಮಿಲಿಆಂಪಿಯರ್-ಗಂಟೆ. ರೇಡಿಯೊ ಏನೂ ಮಾತಾಡದೆ, ಯಾರಾದರೂ ಕರೆದಾರೆಂದು ಕಿವಿಗೊಟ್ಟು ಕೂತರೂ 20 ಮಿಲಿಆಂಪಿಯರ್ ಎಳೆಯುತ್ತದೆ. ಐದೇ ದಿನಕ್ಕೆ ಸೆಲ್ ಖಾಲಿ. ಅದೇ ರೇಡಿಯೊ ಕಾಲು ಗಂಟೆಗೊಮ್ಮೆ ಎದ್ದು, ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಅಳತೆ ಕಳಿಸಿ ಮಲಗಿತೋ, ದಿನವಿಡೀ ಎಚ್ಚರವಿದ್ದದ್ದು ಹತ್ತು ಸೆಕೆಂಡೂ ಆಗುವುದಿಲ್ಲ. ನಿದ್ದೆಯಲ್ಲಿ ಐದು ಮೈಕ್ರೊಆಂಪಿಯರ್ ಹಿಡಿದರೂ ವರ್ಷದ ಒಟ್ಟು ಖರ್ಚು ನೂರು ಮಿಲಿಆಂಪಿಯರ್-ಗಂಟೆ ಮುಟ್ಟದು. ಐದು ದಿನವನ್ನು ಹಲವು ವರ್ಷ ಮಾಡಿದ್ದು ದೊಡ್ಡ ಬ್ಯಾಟರಿಯಲ್ಲ, ಸುಮ್ಮನಿರುವ ಶಿಸ್ತು.

ಮಲಗಿಸುವುದು ಸುಲಭ, ಹೇಳಿದ ಗಳಿಗೆಗೆ ಎಬ್ಬಿಸುವುದೇ ಕಷ್ಟ. ಪ್ರತಿ ಸೆನ್ಸರ್ ಪೆಟ್ಟಿಗೆಯೊಳಗೂ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತ ಗಡಿಯಾರವಾಗಿರುತ್ತದೆ. ಅದು ನಿಖರವಾಗಿರುವುದು 25 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಗುಂಡುಬಂಡೆಗಳ ಊರಾದ ಕೋಸಗಿಯ ಏಪ್ರಿಲ್ ಬಿಸಿಲಿಗೆ ಟ್ಯಾಂಕಿನ ಮೇಲಿಟ್ಟ ಪೆಟ್ಟಿಗೆಯ ಒಳಗೆ 65 ಡಿಗ್ರಿ ಆಯಿತೆನ್ನಿ. ಗಂಟೆಗೆ ಸೆಕೆಂಡಿನ ಐದನೇ ಒಂದು ಪಾಲು ಅದು ಹಿಂದೆ ಬೀಳುತ್ತದೆ. ಅತ್ಯಲ್ಪ ಅನ್ನಿಸಬಹುದು. ಆದರೆ ಸಂದೇಶದ ಆಯಸ್ಸೇ ಅದರ ಅರ್ಧ! ಬೇವಿನ ನೆರಳಲ್ಲಿರುವ ಜೊತೆಗಾರ ಪೆಟ್ಟಿಗೆ ಎದ್ದು, ಕೇಳಿ, ಏನೂ ಸಿಗದೆ ಮತ್ತೆ ಮಲಗಿದ ಮೇಲೆ ಇದು ಕೂಗುತ್ತದೆ. ಹಾಗಾಗಿ ಪ್ರತಿ ಸಂದೇಶದ ಜೊತೆಗೇ ವೇಳೆಯನ್ನು ತಿದ್ದಿಕೊಳ್ಳಬೇಕು, ಬಿಸಿಲೆಷ್ಟೆಂದು ಅಳೆದು ತಪ್ಪನ್ನು ಮುಂಚೆಯೇ ಊಹಿಸಬೇಕು. ಮಧ್ಯಾಹ್ನದ ಬಿಸಿಲನ್ನು ಗಡಿಯಾರದ ಲೆಕ್ಕಕ್ಕೆ ತರುವ ಈ ಕೆಲಸ ನನಗೆ ಬಹಳ ಇಷ್ಟ.

ಜಾಗದ ಗುಣವನ್ನೂ ಹೀಗೇ ಓದಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 400 ಎಕರೆ ಆವರಣದಲ್ಲಿ ಮರಗಳು ದಟ್ಟ; ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯನ್ನು ಹಸಿ ಎಲೆ ಬೇಗ ನುಂಗುತ್ತದೆ. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯ ಅಲೆ ಸುಮಾರು 35 ಸೆಂಟಿಮೀಟರ್ ಉದ್ದದ್ದು, ಎಲೆಗಳ ನಡುವೆ ಇನ್ನಷ್ಟು ದೂರ ಹೋಗುತ್ತದೆ. ಅಲ್ಲಿನ ಪ್ರೊ. ಅನುರಾಗ್ ಕುಮಾರ್ ಮತ್ತು ಸಂಗಡಿಗರು ಸಂದೇಶವನ್ನು ಮುಂದಕ್ಕೆ ದಾಟಿಸುವ ರಿಲೇಗಳನ್ನು ಕೈಯಲ್ಲಿ ಹಿಡಿದು ನಡೆಯುತ್ತ, ಹೆಜ್ಜೆ ಹೆಜ್ಜೆಗೆ ಸಿಗ್ನಲ್ ಅಳೆದು, ಇಲ್ಲೇ ಇಡಬೇಕೋ ಮುಂದೆ ಹೋಗಬೇಕೋ ಎಂದು ತೀರ್ಮಾನಿಸುವ ವಿಧಾನಕ್ಕೆ ಗಣಿತ ಕಟ್ಟಿದರು. ಕೋಸಗಿಯಲ್ಲಿ ಎಲೆಯ ಜಾಗಕ್ಕೆ ಗುಂಡುಬಂಡೆ ಬರುತ್ತದೆ. ಬಂಡೆಯ ಹಿಂದೆ ಸಿಗ್ನಲ್ ಎಷ್ಟು ಉಳಿದಿದೆ ಎಂಬುದನ್ನು ನಡೆದು ನೋಡಿಯೇ ತಿಳಿಯಬೇಕು.

ಪ್ಲಗ್ ಇದೆ, ವೈಫೈ ಇದೆ, ಈ ಜಿಪುಣತನ ಏಕೆ ಎನ್ನುವವರಿದ್ದಾರೆ. ಪ್ಲಗ್ ಇರುವುದು ಕೋಣೆಯಲ್ಲಿ. ಎತ್ತರದ ಟ್ಯಾಂಕಿನ ನೆತ್ತಿಯಲ್ಲಿ, ಗಿಡದ ಬುಡದಲ್ಲಿ ಇಲ್ಲ. ಸೋಲಾರ್ ಫಲಕ ಹಾಕಿದರೆ ಧೂಳು ಒರೆಸಲು ಯಾರಾದರೂ ಹತ್ತಲೇಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಕಾಲು ಗಂಟೆ ಮಲಗಿದಾಗಲೇ ಪೈಪ್ ಒಡೆದರೆ? ಒಪ್ಪತಕ್ಕ ಮಾತು. ಆದರೆ ಅಳೆಯುವುದಕ್ಕೂ ಹೇಳುವುದಕ್ಕೂ ಒಂದೇ ವೇಳಾಪಟ್ಟಿ ಇರಬೇಕಿಲ್ಲ. ನಿಮಿಷಕ್ಕೊಮ್ಮೆ ಅಳೆದು, ಮಟ್ಟ ದಿಢೀರನೆ ಇಳಿದರೆ ಮಾತ್ರ ಆ ಕ್ಷಣವೇ ಕೂಗಲಿ. ಇನ್ನು ದೊಡ್ಡ ಆವರಣಗಳಿಗಷ್ಟೇ ಈ ವಿದ್ಯೆ ಎಂದು ಬರದ ಸೀಮೆಯವರು ಕೈಬಿಡಬೇಕಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯೇ ಸ್ವಿಟ್ಜರ್‌ಲ್ಯಾಂಡಿನ ಲೊಸಾನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆ ಸೇರಿ, ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಶ್ರಿತ ಬೇಸಾಯಕ್ಕಾಗಿ ಮಣ್ಣಿನ ತೇವ ಅಳೆಯುವ ಜಾಲವನ್ನು 2000ದ ದಶಕದಲ್ಲೇ ಪ್ರಯೋಗಿಸಿತ್ತು. ಎಲ್ಲವನ್ನೂ ಪೆಟ್ಟಿಗೆಯೇ ಹೇಳುವುದಾದರೆ ನೀರು ಬಿಡುವ ನೀರಗಂಟಿಯ ಕೆಲಸ ಹೋಯಿತೇ? ಯಾವ ವಾಲ್ವ್ ಯಾವ ಓಣಿಗೆ, ಯಾವ ಟ್ಯಾಂಕ್ ಮೊದಲು ಬರಿದಾಗುತ್ತದೆ ಎಂದು ಬಲ್ಲವರು ಅವರೇ. ಮೊದಲ ಪೆಟ್ಟಿಗೆ ಎಲ್ಲಿಡಬೇಕೆಂದು ಅವರನ್ನು ಕೇಳಿಯೇ ಜಾಲದ ನಕ್ಷೆ ಬರೆಯಲು ಕೂರಬೇಕು.